ಮೆಟಲ್ ಸಂಗೀತವೂ ಯಂತ್ರದ ತಾಳವೂ

ಹೋದ ತಿಂಗಳು ಒಂದು ಭಾನುವಾರ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿರುವ ಹುಡುಗ. ಶನಿವಾರಗಳಲ್ಲಿ ಗೆಳೆಯರೊಡನೆ ಸೇರಿ ಮೆಟಲ್ ಸಂಗೀತ ನುಡಿಸುತ್ತಾನೆ, ಡ್ರಮ್ಸ್ ಅವನದು. ಎಂದಿನ ಗೆಲುವು ಮುಖದಲ್ಲಿ ಇರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಹೊಸ ಹಾಡುಗಳಿಗೆ ಲ್ಯಾಪ್‌ಟಾಪಿನ ತಾಳ ಹಾಕಿಕೊಳ್ಳೋಣ, ಕುಣಿಯುವ ಜನವೂ ನಮ್ಮ ಕಡೆಗೆ ಬರುತ್ತಾರೆ ಎಂದು ಗೆಳೆಯರು ಹೇಳಿದ್ದಾರೆ. "ಆಗ ನಾನೇನು ಮಾಡಲಿ ಮಾಮ? ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಲೇ?" ಎಂದ. ದೊಡ್ಡ ದೊಡ್ಡ ಬ್ಯಾಂಡುಗಳೇ ಈ ಕೆಲಸ ಮಾಡಿವೆಯಲ್ಲ ಎಂದು ಸಮಾಧಾನ ಹೇಳಲು ಹೋದೆ. "ಮಾಡಿವೆ, ನನಗೂ ಗೊತ್ತು. ಸರಿಯಾಗಿ ಮಾಡಿವೆಯೇ? ಅದನ್ನು ಹೇಳಿ" ಎಂದುಬಿಟ್ಟ.

ಅಂದು ನಾನು ಏನೋ ಒಂದು ಉತ್ತರ ಕೊಟ್ಟೆ. ಆದರೆ ಅದು ನನಗೇ ಒಪ್ಪಿಗೆಯಾಗಲಿಲ್ಲ. ಆಮೇಲೆ ಮೂರು ವಾರ ಕುಳಿತು ಹಳೆಯ ಆಲ್ಬಂಗಳನ್ನು ಮತ್ತೆ ಕೇಳಿದೆ. ಅದರ ಫಲವಾಗಿ ಈ ನಾಲ್ಕು ಮಾತು.

ವಾಚಕರಲ್ಲಿ ಕೆಲವರಿಗೆ ಮೆಟಲ್ ಎಂದರೆ ಪಕ್ಕದ ಮನೆಯ ಹುಡುಗನ ಕೋಣೆಯಿಂದ ಕೇಳಿಬರುವ ಗದ್ದಲ, ಅಷ್ಟೆ. ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಕಾಲಕ್ಕೆ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಮ್ಮ ಬೆಂಗಳೂರಿಗೆ ಈ ಸಂಗೀತ ಹೊರಗಿನದಾಗಿ ಉಳಿದಿಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬ್ಯಾಂಡು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬ್ಯಾಂಡು ಇಲ್ಲಿಯ ಅರಮನೆ ಮೈದಾನದಲ್ಲಿ ನುಡಿಸಿ ಹೋದವು. ಎರಡನೆಯದಕ್ಕೆ ನಾನೂ ಹೋಗಿದ್ದೆ. ಅಲ್ಲಿ ನನ್ನ ಸುತ್ತ ನಿಂತಿದ್ದ ಹುಡುಗರು ಗಿಟಾರು ನುಡಿಸುವವನ ಬಲಗೈಯನ್ನೂ ಡ್ರಮ್ಸ್ ಬಾರಿಸುವವನ ಕಾಲುಗಳನ್ನೂ ನೋಡುತ್ತಿದ್ದ ಬಗೆ, ನಮ್ಮ ಕಡೆ ಮೃದಂಗದ ತನಿ ಆವರ್ತನ ನಡೆಯುವಾಗ ಮುಂದಿನ ಸಾಲಿನ ರಸಿಕರು ನೋಡುವ ಬಗೆಯೇ ಆಗಿತ್ತು. ಅಂದಿನಿಂದ ನಾನು ಈ ಸಂಗೀತವನ್ನು ಲಘುವಾಗಿ ಕಂಡಿಲ್ಲ.

ಹೆಸರು ಮಾಡಿದ ಮೆಟಲ್ ಬ್ಯಾಂಡುಗಳು ಯಂತ್ರದಿಂದ ಹುಟ್ಟುವ ನೃತ್ಯಸಂಗೀತವನ್ನು ಬೆರೆಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಕಲೆಗಾರ ಸ್ವತಂತ್ರ, ಅವನಿಗೆ ಬೇಲಿ ಹಾಕಬಾರದು ಎಂಬುದು ಒಂದು. ಇದು ದ್ರೋಹ, ಹಣದಾಸೆ ಎಂಬುದು ಇನ್ನೊಂದು. ಮೊದಲನೆಯದು ನಿಜ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಸ್ವತಂತ್ರನಾದವನು ಕೆಟ್ಟ ಕೆಲಸವನ್ನೂ ಮಾಡಬಹುದು. ಎರಡನೆಯದು ಇನ್ನೊಬ್ಬರ ಮನಸ್ಸಿನೊಳಗೆ ಹೊಕ್ಕು ನೋಡಿದಂತೆ ಮಾತಾಡುತ್ತದೆ. ವಿಮರ್ಶಕನಿಗೆ ಆ ಅಧಿಕಾರವಿಲ್ಲ. ನಮಗೆ ಸಿಕ್ಕುವುದು ಹಾಡು ಮಾತ್ರ. ಹಾಡಿನೊಳಗೆ ಏನು ನಡೆದಿದೆ ಎಂಬುದನ್ನು ನೋಡಬೇಕು.

ಅದಕ್ಕೆ ಮುಂಚೆ ಈ ಎರಡು ಸಂಗೀತಗಳ ಹುಟ್ಟನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳು ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕೈ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಗೈಯಿಂದ ಮೀಟುವ ಅವನಿಗೆ ತಂತಿ ಒತ್ತಲು ಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಕರಗಿಸಿ ಬೆರಳಿನ ತುದಿಗೆ ಟೊಪ್ಪಿಗೆ ಮಾಡಿಕೊಂಡು ಆತ ಮತ್ತೆ ನುಡಿಸಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ತಗ್ಗಿಸಿದ. 1970ರಲ್ಲಿ ಹೊರಬಂದ ಬ್ಲ್ಯಾಕ್ ಸಬತ್ ಬ್ಯಾಂಡಿನ ಮೊದಲ ಆಲ್ಬಮ್ಮಿನಲ್ಲಿ ಕೇಳುವ ಭಾರವಾದ ಗಿಟಾರು ಆ ಕೈಯದು. ಯಂತ್ರದಿಂದ ಗಾಯಗೊಂಡ ಕೈಯೊಂದು ಪಟ್ಟುಹಿಡಿದು ದುಡಿದದ್ದೇ ಈ ಸಂಗೀತದ ಮೊದಲು.

ಇನ್ನೊಂದರ ತವರೂ ಕಾರ್ಖಾನೆಯ ಊರುಗಳೇ. ಅಮೆರಿಕದ ಷಿಕಾಗೊ ನಗರದಲ್ಲಿ 1977ರಲ್ಲಿ ತೆರೆದ ವೇರ್‌ಹೌಸ್ ಎಂಬ ಕುಣಿತದ ಮನೆಯಲ್ಲಿ ಫ್ರ್ಯಾಂಕಿ ನಕಲ್ಸ್ ಧ್ವನಿಮುದ್ರಿಕೆಗಳನ್ನು ಒಂದಕ್ಕೊಂದು ಹೊಸೆದು ರಾತ್ರಿಯಿಡೀ ಜನರನ್ನು ಕುಣಿಸುತ್ತಿದ್ದ. ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಜನಾಂಗದವರು, ಸಲಿಂಗಪ್ರೇಮಿಗಳು. ಊರಿನ ಬೇರೆ ಕಡೆ ಅವರಿಗೆ ಸುಲಭವಾಗಿ ಬಾಗಿಲು ತೆರೆಯುತ್ತಿರಲಿಲ್ಲ. 'ಹೌಸ್' ಎಂಬ ಸಂಗೀತದ ಹೆಸರು ಆ ಕಟ್ಟಡದಿಂದಲೇ ಬಂತೆನ್ನುತ್ತಾರೆ. ಮೋಟಾರು ಕಾರುಗಳ ಊರಾದ ಡೆಟ್ರಾಯಿಟ್‌ನಲ್ಲಿ 1980ರ ದಶಕದಲ್ಲಿ ಟೆಕ್ನೊ ಹುಟ್ಟಿತು. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ತಂದ 808 ಎಂಬ ತಾಳಯಂತ್ರ ಅದಕ್ಕೆ ಒದಗಿತು.

ಈ ಚರಿತ್ರೆಯನ್ನು ಸುಮ್ಮನೆ ಹೇಳಲಿಲ್ಲ. ನೃತ್ಯಸಂಗೀತದ ಮೇಲೆ ರಾಕ್ ಪ್ರೇಮಿಗಳಿಗಿರುವ ತಾತ್ಸಾರ ಯಾವಾಗಲೂ ಶುದ್ಧ ಅಭಿರುಚಿಯದಲ್ಲ. 1979ರ ಜುಲೈ 12ರಂದು ಷಿಕಾಗೊದ ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಆಟಗಳ ನಡುವೆ, ಡಿಸ್ಕೊ ಮುದ್ರಿಕೆಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಹಾರಿಸಿದರು. ಜನ ಮೈದಾನಕ್ಕೆ ನುಗ್ಗಿ ಎರಡನೆಯ ಆಟ ನಡೆಯಲೇ ಇಲ್ಲ. ಅಂದು ಸಿಡಿದದ್ದು ಯಾರ ಸಂಗೀತ ಎಂದು ನೆನೆದರೆ ಆ ಉತ್ಸಾಹ ಅಷ್ಟು ಮುಗ್ಧವಾಗಿ ಕಾಣುವುದಿಲ್ಲ. ಆದ್ದರಿಂದ "ಗುಂಡಿ ಒತ್ತಿದರೆ ಬರುವ ಸಂಗೀತ" ಎಂದು ಮೂಗು ಮುರಿಯುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ.

ಆದರೂ ಎರಡರ ನಡುವೆ ಒಂದು ನಿಜವಾದ ಭೇದವಿದೆ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಅದರ ಮೇಲೆ. ಮೆಟಲ್ ಸಂಗೀತದಲ್ಲಿ ಶ್ರಮ ಇರುವುದು ವೇದಿಕೆಯ ಮೇಲೆ. ಒಬ್ಬ ಮನುಷ್ಯನ ಕಾಲು ಇಷ್ಟು ವೇಗವಾಗಿ ಬಡಿಯಬಲ್ಲುದೇ, ಒಂದು ಕೈ ಇಷ್ಟು ಹೊತ್ತು ತಡೆಯಬಲ್ಲುದೇ ಎಂಬ ಆತಂಕ ಕೇಳುವವನ ಸುಖದ ಒಂದು ಪಾಲು. ಕೈ ಸೋಲಬಹುದಾಗಿತ್ತು, ಸೋಲಲಿಲ್ಲ; ನಾವು ಮೆಚ್ಚುವುದು ಅದನ್ನು. ನೃತ್ಯಸಂಗೀತದಲ್ಲಿ ಶ್ರಮ ಇರುವುದು ನೆಲದ ಮೇಲೆ, ಕುಣಿಯುವವರಲ್ಲಿ. ಅಲ್ಲಿ ಯಂತ್ರ ದಣಿಯಬಾರದು; ಅದು ದಣಿಯದೆ ಇರುವುದರಿಂದಲೇ ಕುಣಿಯುವವನು ತನ್ನ ದಣಿವನ್ನು ಮರೆಯುತ್ತಾನೆ. ಒಂದು ಸಂಗೀತ ದುಡಿಮೆಯನ್ನು ನೋಡಿಸುತ್ತದೆ, ಇನ್ನೊಂದು ದುಡಿಮೆಯನ್ನು ನಮ್ಮಿಂದಲೇ ಮಾಡಿಸುತ್ತದೆ. ಇವುಗಳಲ್ಲಿ ಮೇಲುಕೀಳಿಲ್ಲ. ಆದರೆ ಒಂದನ್ನು ಇನ್ನೊಂದರೊಳಗೆ ತರುವವನು ತಾನು ಯಾರ ಮೈಯಿಂದ ದುಡಿಸುತ್ತಿದ್ದೇನೆ ಎಂಬುದನ್ನು ತಿಳಿದಿರಬೇಕು. ತಿಳಿಯದಿದ್ದರೆ ವೇದಿಕೆಯ ಮೇಲೂ ಶ್ರಮವಿಲ್ಲ, ನೆಲದ ಮೇಲೂ ಕುಣಿತವಿಲ್ಲ ಎಂದಾಗುತ್ತದೆ.

ಹೊಸ ಸಾಧನ ತರುವುದೇ ತಪ್ಪೆಂದು ಇದರ ಅರ್ಥವಲ್ಲ. ಮೈಸೂರಿನ ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿಕೊಂಡದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಭೆಯ ಕೊನೆಯಲ್ಲಿ ಕುಳಿತವನಿಗೂ ನಾದ ತುಂಬಿ ಕೇಳಬೇಕೆಂಬುದು ಅವರ ಬಯಕೆ. ಅಗತ್ಯ ಹುಟ್ಟಿದ್ದು ಅವರ ಸಂಗೀತದ ಒಳಗೇ. ಸಾಧನ ಅದರ ಹಿಂದೆ ಬಂತು. ಈ ಒಂದು ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡು ನಾಲ್ಕು ಬ್ಯಾಂಡುಗಳನ್ನು ನೋಡೋಣ.

ಮೊದಲನೆಯದು ಲಾಸ್ ಏಂಜಲೀಸಿನ ಫಿಯರ್ ಫ್ಯಾಕ್ಟರಿ. 1995ರಲ್ಲಿ ಬಂದ ಅವರ 'ಡೀಮ್ಯಾನುಫ್ಯಾಕ್ಚರ್' ಆಲ್ಬಂ ಮನುಷ್ಯನಿಗೂ ಯಂತ್ರಪ್ರಭುತ್ವಕ್ಕೂ ನಡೆಯುವ ಹೋರಾಟವನ್ನು ಕುರಿತದ್ದು. ಅದರಲ್ಲಿ ಡ್ರಮ್ಮಿನ ಕಾಲಿನ ಪೆಟ್ಟೂ ಗಿಟಾರಿನ ಮೀಟೂ ಕೂದಲೆಳೆಯ ಅಂತರವಿಲ್ಲದೆ ಒಂದರ ಮೇಲೊಂದು ಬೀಳುತ್ತವೆ. ಮನುಷ್ಯರೇ ಯಂತ್ರದಂತೆ ನುಡಿಸುತ್ತಿದ್ದಾರೆ ಎನ್ನಿಸುತ್ತದೆ. ಹಾಡುವವನು ಮಾತ್ರ ಒಮ್ಮೆ ಗರ್ಜಿಸಿ, ಒಮ್ಮೆ ಮೃದುವಾಗಿ ರಾಗವೆತ್ತಿ, ಯಂತ್ರದೊಳಗೆ ಸಿಕ್ಕಿಕೊಂಡ ಮನುಷ್ಯನಾಗುತ್ತಾನೆ. ಇಲ್ಲಿ ಎಲೆಕ್ಟ್ರಾನಿಕ್ ಧ್ವನಿ ಬರುವುದು ಕಥೆಗೆ ಬೇಕಾಗಿಯೇ. ಈ ದಾರಿಯನ್ನು ಅವರು 1993ರಲ್ಲೇ ಹಿಡಿದಿದ್ದರು: ತಮ್ಮ ಹಾಡುಗಳನ್ನು ಫ್ರಂಟ್ ಲೈನ್ ಅಸೆಂಬ್ಲಿ ತಂಡದ ರಿಸ್ ಫುಲ್ಬರ್, ಬಿಲ್ ಲೀಬ್ ಇವರ ಕೈಗೆ ಕೊಟ್ಟು ರೀಮಿಕ್ಸ್ ಮಾಡಿಸಿ, ಬೇರೆ ಹೆಸರಿನಿಂದ ಹೊರತಂದಿದ್ದರು. 1997ರಲ್ಲಿ 'ಡೀಮ್ಯಾನುಫ್ಯಾಕ್ಚರ್' ಪೂರ್ತಿಯಾಗಿ 'ರೀಮ್ಯಾನುಫ್ಯಾಕ್ಚರ್' ಎಂದು ಹೊಸ ರೂಪ ತಾಳಿತು. ಇದರಲ್ಲಿ ಒಂದು ಸೌಜನ್ಯವನ್ನೂ ಗಮನಿಸಬೇಕು. ಮೂಲದ ಹಾಡು ಎಲ್ಲಿಗೂ ಹೋಗಲಿಲ್ಲ. ಕೇಳುವವನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬಹುದು.

ಎರಡನೆಯದು ಫ್ಲಾರಿಡದ ಮಾರ್ಬಿಡ್ ಏಂಜಲ್. 1989ರಲ್ಲಿ ಬಂದ 'ಆಲ್ಟರ್ಸ್ ಆಫ್ ಮ್ಯಾಡ್‌ನೆಸ್' ಆಲ್ಬಮ್ಮಿನಿಂದ ಡೆತ್ ಮೆಟಲ್ ಎಂಬ ಉಗ್ರ ಶಾಖೆಗೆ ಹಿರಿಯರೆನಿಸಿಕೊಂಡವರು. ಹಳೆಯ ಗಾಯಕ ಡೇವಿಡ್ ವಿನ್ಸೆಂಟ್ ಮರಳಿ ಬಂದಮೇಲೆ ಏನು ಮಾಡುತ್ತಾರೋ ಎಂದು ಜನ ವರ್ಷಗಟ್ಟಲೆ ಕಾದಿದ್ದರು. 2011ರ ಜೂನಿನಲ್ಲಿ 'ಇಲ್ಲುಡ್ ಡಿವಿನಮ್ ಇನ್‌ಸಾನಸ್' ಬಂತು. ಬೈಗುಳ ಬಹಳ ಬಿತ್ತು. ನಾನು ಮತ್ತೆ ಕೇಳಿದಾಗ ಅಷ್ಟು ಬೈಗುಳಕ್ಕೆ ಅದು ಯೋಗ್ಯವಲ್ಲ ಎನ್ನಿಸಿತು, ಆದರೆ ಮೆಚ್ಚಲೂ ಆಗಲಿಲ್ಲ. ಅರ್ಧದಷ್ಟು ಹಾಡುಗಳು ಹಳೆಯ ಬಗೆಯ ಡೆತ್ ಮೆಟಲ್. ಉಳಿದವು ಯಂತ್ರದ ಸಮಪೆಟ್ಟಿನ ಮೇಲೆ ನಿಂತ ಕೂಗು. ಒಂದು ಬಗೆಯ ಹಾಡು ಇನ್ನೊಂದನ್ನು ಮುಟ್ಟುವುದೇ ಇಲ್ಲ. ಒಂದೇ ಛತ್ರದಲ್ಲಿ ಎರಡು ಮದುವೆ ನಡೆದಂತೆ, ಎರಡು ಕಡೆಯ ಜನವೂ ಊಟದ ಎಲೆಗಾಗಿ ನೂಕಾಡುತ್ತಾರೆ. 'ಟೂ ಎಕ್ಸ್‌ಟ್ರೀಮ್' ಎಂಬ ಹಾಡನ್ನೇ ತೆಗೆದುಕೊಳ್ಳಿ. ಅದಕ್ಕೆ ಕುಣಿಯೋಣವೆಂದರೆ ನೃತ್ಯಸಂಗೀತ ಬಲ್ಲವರು ಮಾಡುವ ಏರಿಳಿತ ಅದರಲ್ಲಿಲ್ಲ. ಕುಳಿತು ಕೇಳೋಣವೆಂದರೆ ಬೆರಗಾಗುವಂಥ ಕೈಚಳಕವಿಲ್ಲ. ನೃತ್ಯಸಂಗೀತವೂ ಒಂದು ವಿದ್ಯೆ, ಅದನ್ನೂ ಕಲಿಯಬೇಕು ಎಂಬ ಗೌರವ ಸಾಲದೆ ಹೋಯಿತು. 2017ರಲ್ಲಿ ಅವರು ಬೇರೆ ಗಾಯಕನೊಡನೆ ಹಳೆಯ ದಾರಿಗೇ ಮರಳಿದರು.

ಮೂರನೆಯದು ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ಊರಿನ ಕಾರ್ನ್. ಅದೇ 2011ರ ಡಿಸೆಂಬರಿನಲ್ಲಿ 'ದ ಪಾತ್ ಆಫ್ ಟೊಟಾಲಿಟಿ' ಹೊರತಂದರು. ಸ್ಕ್ರಿಲೆಕ್ಸ್, ಎಕ್ಸಿಷನ್, ನೊಯಿಸಿಯ ಮೊದಲಾದ ಹಲವು ನೃತ್ಯಸಂಗೀತಗಾರರು ಒಂದೊಂದು ಹಾಡಿಗೆ ಒಬ್ಬೊಬ್ಬರಂತೆ, ಕೆಲವಕ್ಕೆ ಇಬ್ಬಿಬ್ಬರಂತೆ, ಕೈಸೇರಿಸಿದ್ದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಹತ್ತನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ಮರುವರ್ಷ ರಿವಾಲ್ವರ್ ಪತ್ರಿಕೆಯ ಬಹುಮಾನ ಸಮಾರಂಭದಲ್ಲಿ ವರ್ಷದ ಆಲ್ಬಂ ಎಂಬ ಮನ್ನಣೆಯನ್ನೂ ಪಡೆಯಿತು. ಇದನ್ನು ಹಣದ ಕೆಲಸವೆಂದು ತಳ್ಳಿಹಾಕಲಾಗದು. ಗಾಯಕ ಜಾನಥನ್ ಡೇವಿಸ್ ತಾನೇ ಜೆಡೆವಿಲ್ ಎಂಬ ಹೆಸರಿನಿಂದ ಡಿ.ಜೆ. ಆಗಿ ದುಡಿದವನು. ಸ್ಕ್ರಿಲೆಕ್ಸ್ ಕೂಡ ಮೊದಲು ಫ್ರಮ್ ಫಸ್ಟ್ ಟು ಲಾಸ್ಟ್ ಎಂಬ ರಾಕ್ ಬ್ಯಾಂಡಿನಲ್ಲಿ ಗಂಟಲು ಹರಿಯುವಂತೆ ಕೂಗಿ ಬಂದವನೇ. ಇಬ್ಬರೂ ಒಂದೇ ಓಣಿಯವರು.

ಸಂಗೀತದಲ್ಲೂ ನಂಟಿತ್ತು. ದಕ್ಷಿಣ ಲಂಡನ್ನಿನಿಂದ ಬಂದ ಡಬ್‌ಸ್ಟೆಪ್ ಎಂಬ ಬಗೆಯಲ್ಲಿ ನಿಮಿಷಕ್ಕೆ ಸುಮಾರು 140 ಪೆಟ್ಟುಗಳ ಲೆಕ್ಕವಿದ್ದರೂ ಕಿವಿಗೆ ಅದರ ಅರ್ಧದ ನಡೆಯೇ ಕೇಳುತ್ತದೆ. ಮೆಟಲ್ ಹಾಡಿನಲ್ಲಿ ಓಟ ನಿಲ್ಲಿಸಿ ಭಾರವಾಗಿ ಹೆಜ್ಜೆಯಿಡುವ ಭಾಗಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. 'ನಾರ್ಸಿಸಿಸ್ಟಿಕ್ ಕ್ಯಾನಿಬಲ್' ಎಂಬ ಹಾಡಿನಲ್ಲಿ ಈ ನಂಟು ಚೆನ್ನಾಗಿ ಕೂಡಿ ಬಂದಿದೆ. ಡೇವಿಸನ ಅಳುಕಿನ ದನಿ, ಯಂತ್ರದ ನಡುಕ ಎರಡೂ ಒಂದೇ ನೋವನ್ನು ಹೇಳುತ್ತವೆ.

ಆದರೆ ಆಲ್ಬಮ್ಮನ್ನು ಕೊನೆಯವರೆಗೆ ಕೇಳಿದಾಗ ಒಂದು ಕೊರತೆ ಕಾಣುತ್ತದೆ. ಅದು ಎಲ್ಲಿಂದ ಬಂತೆಂದು ನನಗೆ ತಿಳಿಯಲು ಬಹಳ ಹೊತ್ತು ಹಿಡಿಯಿತು. ಸಾಧಾರಣ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಕಾರ್ನ್ ಏಳು ತಂತಿಯ ಗಿಟಾರು ಹಿಡಿದು, ಅದನ್ನೂ ಇಳಿಸಿ, 55 ಕಂಪನದವರೆಗೆ ಕೆಳಗೆ ಹೋದ ಬ್ಯಾಂಡು. 1994ರ ಅವರ ಮೊದಲ ಆಲ್ಬಂ ಹೊಸದಾಗಿ ಕೇಳಿಸಿದ್ದಕ್ಕೆ ಈ ಪಾತಾಳದ ನಾದ ಒಂದು ಮುಖ್ಯ ಕಾರಣ. ಡಬ್‌ಸ್ಟೆಪ್‌ನ ಬಲವೂ ಅದೇ ಪಾತಾಳದಲ್ಲಿ. ಒಂದೇ ಸೀಟಿಗೆ ಇಬ್ಬರು ಚೀಟಿ ತೆಗೆಸಿದಂತಾಯಿತು. ಯಂತ್ರದ ಬೇಸ್ ಬಂದು ಕುಳಿತೊಡನೆ ಗಿಟಾರು ಎದ್ದು ನಿಂತಿತು. ಫೀಲ್ಡಿಯ ಬೇಸ್ ಗಿಟಾರಿನ ಟಕಟಕ ಸದ್ದನ್ನು ಹುಡುಕಬೇಕಾಯಿತು. ಡ್ರಮ್ಮಿನ ಕೆಲಸದ ದೊಡ್ಡ ಪಾಲು ಯಂತ್ರಕ್ಕೆ ಹೋಯಿತು. ಉಳಿದದ್ದು ಗಾಯಕನೊಬ್ಬನೇ. ಹಾಡುಗಳು ಕೆಟ್ಟವಲ್ಲ. ಆದರೆ ಒಂದು ಬ್ಯಾಂಡು ಇನ್ನೊಂದರೊಡನೆ ಮಾತಾಡಿದಂತೆ ಕೇಳುವುದಿಲ್ಲ. ಒಬ್ಬ ಗಾಯಕ ಊರೂರು ಅಲೆದು ಹಾಡಿಬಂದಂತೆ ಕೇಳುತ್ತದೆ. 2013ರ ಮುಂದಿನ ಆಲ್ಬಮ್ಮಿಗೆ ಬ್ರಯಾನ್ ವೆಲ್ಷ್ ಎಂಬ ಹಳೆಯ ಗಿಟಾರು ವಾದಕ ಮರಳಿ ಬಂದ. ಎಲೆಕ್ಟ್ರಾನಿಕ್ ದನಿ ಪೂರ್ತಿ ಹೋಗಲಿಲ್ಲ, ಆದರೆ ಗಿಟಾರು ತನ್ನ ಜಾಗಕ್ಕೆ ಬಂತು. ಅನುಭವ ವ್ಯರ್ಥವಾಗಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ನಾಲ್ಕನೆಯದು ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್. ವಿಷಾದದ ಮೆಟಲ್‌ಗೆ ಹೆಸರಾದ ಇವರು 1999ರಲ್ಲಿ 'ಹೋಸ್ಟ್' ಎಂಬ ಆಲ್ಬಮ್ಮಿನಲ್ಲಿ ಭಾರದ ಗಿಟಾರನ್ನು ಬಹುಮಟ್ಟಿಗೆ ಕೆಳಗಿಟ್ಟು ಎಲೆಕ್ಟ್ರಾನಿಕ್ ಪಾಪ್ ಕಡೆಗೆ ಹೊರಳಿದರು. ಇದು ಕುಣಿತದ ಮನೆಯ ಸಂಗೀತವಲ್ಲ, ಅದರ ನೆರೆಮನೆಯದು. ನನಗೆ ಅದು ಆಗಲೂ ಹಿಡಿಸಿತ್ತು, ಈಗಲೂ ಹಿಡಿಸುತ್ತದೆ. ವಿಷಾದ ಅದೇ, ಉಡುಪು ಮಾತ್ರ ಬೇರೆ. ಆದರೆ ಹಳೆಯ ಅಭಿಮಾನಿಗಳು ಮುನಿದರು. ಬ್ಯಾಂಡು ಮೆಲ್ಲಮೆಲ್ಲನೆ ಭಾರದ ಕಡೆಗೆ ಹಿಂದಿರುಗಿತು. ಕುತೂಹಲದ ಸಂಗತಿ ಆಮೇಲಿನದು. 2023ರಲ್ಲಿ ಅದೇ ಬ್ಯಾಂಡಿನ ನಿಕ್ ಹೋಮ್ಸ್, ಗ್ರೆಗ್ ಮ್ಯಾಕಿಂಟಾಷ್ ಇಬ್ಬರೂ ಸೇರಿ 'ಹೋಸ್ಟ್' ಎಂಬ ಹೆಸರಿನದೇ ಬೇರೊಂದು ತಂಡ ಕಟ್ಟಿ ಆ ಬಗೆಯ ಆಲ್ಬಮ್ಮೊಂದನ್ನು ತಂದರು. ಬಯಕೆ ಸುಳ್ಳಾಗಿರಲಿಲ್ಲ, ಇಪ್ಪತ್ತನಾಲ್ಕು ವರ್ಷ ಬದುಕಿತ್ತು. ಅದಕ್ಕೆ ಬೇಕಾಗಿದ್ದದ್ದು ತನ್ನದೇ ಆದ ಒಂದು ಮನೆ.

ಈಗ ನನ್ನ ತೀರ್ಮಾನವನ್ನು ಹೇಳಬಹುದು. ಹೆಸರು ಮಾಡಿದ ಬ್ಯಾಂಡುಗಳು ಯಂತ್ರದ ಸಂಗೀತವನ್ನು ಪ್ರಯೋಗಿಸಬೇಕೇ ಎಂದರೆ, ಪ್ರಯೋಗಿಸಲಿ. ನಲವತ್ತು ವರ್ಷ ಒಂದೇ ಹಾಡನ್ನು ತಿರುಗಿಸಿ ಮುರುಗಿಸಿ ಹಾಡುವುದು ನಿಷ್ಠೆಯಲ್ಲ, ಅಭ್ಯಾಸ. ಆದರೆ ಅಭಿಮಾನಿಯ ದುಃಖವನ್ನು ಬರಿಯ ಮೊಂಡುತನವೆಂದು ತಿಳಿಯುವುದೂ ತಪ್ಪು. ಅವನು ಕಳೆದುಕೊಂಡದ್ದು ಒಂದು ಸದ್ದನ್ನಲ್ಲ. ಆ ಸದ್ದಿನ ಹಿಂದೆ ದುಡಿಯುತ್ತಿದ್ದ ಒಂದು ಕೈಯನ್ನು. ಯಂತ್ರ ಬಂದು ಆ ಕೈಗೆ ಹೊಸ ಕೆಲಸ ಕೊಟ್ಟರೆ, ಫಿಯರ್ ಫ್ಯಾಕ್ಟರಿಯಲ್ಲಿ ಆದಂತೆ, ಸಂಗೀತ ಬೆಳೆಯುತ್ತದೆ. ಕೈಯನ್ನು ಎಬ್ಬಿಸಿ ತಾನು ಕುಳಿತರೆ ಎಷ್ಟು ಸೊಗಸಾಗಿದ್ದರೂ ಮನೆಯಲ್ಲಿ ಒಬ್ಬರು ಕಡಮೆಯಾದಂತೆ ಕೇಳುತ್ತದೆ. ಕೈಗೆ ಕೆಲಸವೇ ಇಲ್ಲದ ಹಾಡು ಬೇಕೆನ್ನಿಸಿದರೆ ಅದೂ ಪಾಪವಲ್ಲ. ಅದಕ್ಕೆ ಇನ್ನೊಂದು ಹೆಸರಿಟ್ಟು ಕಳುಹಿಸಲಿ, ನಾವು ಹೋಗಿ ಕೇಳುತ್ತೇವೆ, ಬಂದರೆ ಕುಣಿಯುತ್ತೇವೆ.

ಇದನ್ನೇ ಸ್ವಲ್ಪ ಚಿಕ್ಕದಾಗಿ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. ಲ್ಯಾಪ್‌ಟಾಪಿನೊಡನೆ ಜಗಳ ಬೇಡ, ಅದಕ್ಕೆ ಬಾರದ ಕೆಲಸ ಯಾವುದೆಂದು ಹುಡುಕು. ಅದು ಎಲ್ಲಿ ಬಡಿಯುತ್ತದೋ ಅಲ್ಲಿ ನೀನು ಸುಮ್ಮನಿರು, ಅದು ಲೆಕ್ಕ ಹಿಡಿದು ನಿಂತಾಗ ನೀನು ಲೆಕ್ಕ ಬಿಟ್ಟು ನುಗ್ಗು ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹೇಳುವುದು ಸುಲಭ ಮಾಮ, ನೀವು ಬಾರಿಸಿ ನೋಡಿಲ್ಲ" ಎಂದ. ಆ ಮಾತೂ ನಿಜವೇ. ಬರುವ ತಿಂಗಳು ಅವರ ಕಾರ್ಯಕ್ರಮವಿದೆ. ಲ್ಯಾಪ್‌ಟಾಪೂ ಇರುತ್ತದಂತೆ, ಡ್ರಮ್ಸೂ ಇರುತ್ತದಂತೆ. ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಕೇಳಬೇಕೆಂದಿದ್ದೇನೆ.